ಬೆಂಗಳೂರಿನ ದೊಡ್ಡ ಉದ್ಯೋಗದಾತರು ಮತ್ತು ನಮ್ಮ ಮನೆಯ ಎರಡು ಸಂಬಳ

(ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ, ತೂಬಗೆರೆ)



ಅರ್ಥಶಾಸ್ತ್ರದ ತರಗತಿಯಲ್ಲಿ ಒಂದು ದಿನ ನಮ್ಮ ಉಪನ್ಯಾಸಕರು ಒಂದು ಸಣ್ಣ ಕೆಲಸ ಕೊಟ್ಟರು. "ಬೆಂಗಳೂರಿನ ಹತ್ತು ದೊಡ್ಡ ಉದ್ಯೋಗದಾತರ ಹೆಸರು ಬರೆಯಿರಿ, ಐದು ನಿಮಿಷ ಸಮಯ" ಎಂದರು. ನಾವೆಲ್ಲರೂ ಬೇಗ ಬೇಗ ಬರೆದೆವು. ಇನ್ಫೋಸಿಸ್, ವಿಪ್ರೋ, ಟಿಸಿಎಸ್, ಎಚ್‌ಎಎಲ್, ಬಯೋಕಾನ್, ಫ್ಲಿಪ್‌ಕಾರ್ಟ್. ಎಲ್ಲರ ಪಟ್ಟಿಯೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಆಮೇಲೆ ಅವರು ಎರಡನೆಯ ಪ್ರಶ್ನೆ ಕೇಳಿದರು. "ಈ ಪಟ್ಟಿಯಲ್ಲಿರುವ ಯಾವ ಕಂಪನಿಯಾದರೂ ನಿಮ್ಮ ಮನೆಯವರಿಗೆ ಸಂಬಳ ಕೊಡುತ್ತಿದೆಯೇ?" ನಲವತ್ತಕ್ಕೂ ಹೆಚ್ಚು ಜನರಿದ್ದ ತರಗತಿಯಲ್ಲಿ ಎರಡೇ ಕೈ ಮೇಲೆದ್ದವು.

ಹಾಗಾದರೆ ಉಳಿದ ಮನೆಗಳಿಗೆ ಸಂಬಳ ಕೊಡುವವರು ಯಾರು? ಈ ಪ್ರಶ್ನೆಯನ್ನು ಹಿಡಿದುಕೊಂಡು ನಾನು ಓದಿದ್ದನ್ನು, ಮನೆಯಲ್ಲಿ ಕೇಳಿ ತಿಳಿದದ್ದನ್ನು ಈ ಲೇಖನದಲ್ಲಿ ಬರೆದಿದ್ದೇನೆ. ಪರೀಕ್ಷೆಗೂ ಸ್ವಲ್ಪ ಉಪಯೋಗವಾಗಬಹುದು. ಪರೀಕ್ಷೆಯ ನಂತರ ಇನ್ನೂ ಹೆಚ್ಚು ಉಪಯೋಗವಾಗುತ್ತದೆ ಎಂದು ನನ್ನ ನಂಬಿಕೆ.

1. "ದೊಡ್ಡದು" ಎಂದು ಅಳೆಯುವುದು ಹೇಗೆ?

ಒಂದು ಕಂಪನಿಯನ್ನು ದೊಡ್ಡದು ಎನ್ನಲು ಕನಿಷ್ಠ ಮೂರು ಅಳತೆಗಳಿವೆ.

ಮೊದಲನೆಯದು ವಹಿವಾಟು. ಅಂದರೆ ವರ್ಷಕ್ಕೆ ಎಷ್ಟು ರೂಪಾಯಿಯ ಸರಕು ಅಥವಾ ಸೇವೆ ಮಾರಾಟವಾಯಿತು ಎಂಬುದು. ಎರಡನೆಯದು ಮಾರುಕಟ್ಟೆ ಮೌಲ್ಯ. ಷೇರಿನ ಬೆಲೆಯನ್ನು ಷೇರುಗಳ ಸಂಖ್ಯೆಯಿಂದ ಗುಣಿಸಿದರೆ ಇದು ಸಿಗುತ್ತದೆ. ಪತ್ರಿಕೆಗಳ ವಾಣಿಜ್ಯ ಪುಟದಲ್ಲಿ "ದೊಡ್ಡ ಕಂಪನಿ" ಎಂದು ಬರೆದರೆ ಸಾಮಾನ್ಯವಾಗಿ ಈ ಎರಡರಲ್ಲಿ ಒಂದು ಅರ್ಥ. ಮೂರನೆಯದು ಉದ್ಯೋಗಿಗಳ ಸಂಖ್ಯೆ. ಉದ್ಯೋಗದಾತ ಎಂಬ ಮಾತಿಗೆ ಹೊಂದುವ ಅಳತೆ ಈ ಮೂರನೆಯದೇ.

ಇದರಲ್ಲೂ ಎಚ್ಚರ ಬೇಕು. ಇನ್ಫೋಸಿಸ್‌ನಲ್ಲಿ 3 ಲಕ್ಷಕ್ಕೂ ಹೆಚ್ಚು ಉದ್ಯೋಗಿಗಳಿದ್ದಾರೆ, ವಿಪ್ರೋದಲ್ಲಿ 2 ಲಕ್ಷಕ್ಕೂ ಹೆಚ್ಚು. ಆದರೆ ಇದು ಎಲ್ಲ ಊರು, ಎಲ್ಲ ದೇಶಗಳ ಲೆಕ್ಕ. ಅಷ್ಟೂ ಜನ ಬೆಂಗಳೂರಿನಲ್ಲಿ ಇಲ್ಲ. ಇದಕ್ಕೆ ವಿರುದ್ಧವಾಗಿ ಟಿಸಿಎಸ್‌ನ ಪ್ರಧಾನ ಕಚೇರಿ ಮುಂಬೈಯಲ್ಲಿದ್ದರೂ ಬೆಂಗಳೂರಿನಲ್ಲಿ ಸಾವಿರಾರು ಜನರಿಗೆ ಕೆಲಸ ಕೊಟ್ಟಿದೆ. ಆದ್ದರಿಂದ ಪ್ರಧಾನ ಕಚೇರಿ ಎಲ್ಲಿದೆ ಎಂಬುದು ಒಂದು ವಿಷಯ, ಕೆಲಸ ಎಲ್ಲಿದೆ ಎಂಬುದು ಇನ್ನೊಂದು ವಿಷಯ.

2. ಒಂದೇ ನಗರ, ನಾಲ್ಕು ಕಾಲ

ಬೆಂಗಳೂರಿನ ದೊಡ್ಡ ಉದ್ಯೋಗದಾತರು ಯಾವಾಗಲೂ ಒಬ್ಬರೇ ಆಗಿರಲಿಲ್ಲ. ಕಾಲಕ್ಕೆ ತಕ್ಕಂತೆ ಬದಲಾಗಿದ್ದಾರೆ.

*ಗಿರಣಿಗಳ ಕಾಲ.* 1884ರಲ್ಲಿ ಆರಂಭವಾಗಿ ಮುಂದೆ ಬಿನ್ನಿ ಮಿಲ್ ಎಂದು ಹೆಸರಾದ ಬಟ್ಟೆ ಗಿರಣಿ ಬಹಳ ಕಾಲ ನಗರದ ದೊಡ್ಡ ಉದ್ಯೋಗದಾತರಲ್ಲಿ ಒಂದಾಗಿತ್ತು. 1902ರಲ್ಲಿ ಶಿವನಸಮುದ್ರದಲ್ಲಿ ಜಲವಿದ್ಯುತ್ ಉತ್ಪಾದನೆ ಆರಂಭವಾಯಿತು. ಮೊದಲು ಅದು ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿಗೂ ಬಂತು. ಕಾರ್ಖಾನೆಗೆ ಬೇಕಾದ ಶಕ್ತಿ ಸಿಕ್ಕಿತು. 1909ರಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಮುಂದೆ ವಿಜ್ಞಾನಿಗಳು, ಎಂಜಿನಿಯರುಗಳು ಸಿಕ್ಕರು.

*ದಿವಾನರ ಕಾಲ.* ನಮ್ಮೂರಿಗೆ ಬಹಳ ದೂರವಲ್ಲದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯ ಅವರು 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದರು. 1913ರಲ್ಲಿ ಮೈಸೂರು ಬ್ಯಾಂಕ್, 1916ರಲ್ಲಿ ಸಾಬೂನು ಕಾರ್ಖಾನೆ ಆರಂಭವಾದವು. ಆಮೇಲೆ 1926ರಿಂದ 1941ರವರೆಗೆ ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದರು. ಮಂಡ್ಯದ ಸಕ್ಕರೆ ಕಾರ್ಖಾನೆ, ಭದ್ರಾವತಿಯ ಕಾಗದ ಕಾರ್ಖಾನೆ, ಬೆಂಗಳೂರಿನ ಮೈಸೂರು ಲ್ಯಾಂಪ್ಸ್ ಅವರ ಕಾಲದವು. 1940ರ ಡಿಸೆಂಬರ್‌ನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಸ್ಥಾಪಿಸಿದಾಗಲೂ ಮಿರ್ಜಾ ಅವರೇ ದಿವಾನರು. ಆ ಕಾರ್ಖಾನೆಯೇ ಇಂದಿನ ಎಚ್‌ಎಎಲ್. ಖಾಸಗಿ ಬಂಡವಾಳ ಮತ್ತು ಸರ್ಕಾರದ ಬಂಡವಾಳ ಒಂದೇ ಉದ್ಯಮದಲ್ಲಿ ಸೇರಬಹುದು ಎಂಬುದಕ್ಕೆ ನಮ್ಮ ಪಠ್ಯಪುಸ್ತಕದ ಹೊರಗೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಸಿಗಲಿಲ್ಲ.

*ಸಾರ್ವಜನಿಕ ಉದ್ದಿಮೆಗಳ ಕಾಲ.* ಸ್ವಾತಂತ್ರ್ಯದ ನಂತರ ಐಟಿಐ (1948), ಎಚ್‌ಎಂಟಿ (1953), ಬಿಇಎಲ್ (1954), ಬಿಇಎಂಎಲ್ (1964) ಒಂದರ ಹಿಂದೆ ಒಂದು ಬಂದವು. ದೂರವಾಣಿ, ಯಂತ್ರ, ಗಡಿಯಾರ, ರೇಡಾರ್, ಮಣ್ಣು ಅಗೆಯುವ ಯಂತ್ರ ಎಲ್ಲವೂ ಇಲ್ಲಿ ತಯಾರಾದವು. ಈ ಉದ್ದಿಮೆಗಳು ಸಂಬಳದ ಜೊತೆಗೆ ಮನೆ, ಶಾಲೆ, ಆಸ್ಪತ್ರೆ, ಕ್ಯಾಂಟೀನ್, ಬಸ್ಸು ಕೊಟ್ಟವು. 1980ರ ಡಿಸೆಂಬರ್‌ನಿಂದ 1981ರ ಮಾರ್ಚ್‌ವರೆಗೆ ಈ ಕಾರ್ಖಾನೆಗಳ ಕಾರ್ಮಿಕರು 77 ದಿನ ಮುಷ್ಕರ ಮಾಡಿದರು. ಅದರಲ್ಲಿ ಲಕ್ಷಕ್ಕೂ ಹೆಚ್ಚು ಜನ ಭಾಗವಹಿಸಿದ್ದರು ಎಂದರೆ ಎಷ್ಟು ಮನೆಗಳು ಇವುಗಳನ್ನು ನಂಬಿದ್ದವು ಎಂದು ಊಹಿಸಬಹುದು. 1941ರಲ್ಲಿ ಸುಮಾರು 4 ಲಕ್ಷವಿದ್ದ ಬೆಂಗಳೂರಿನ ಜನಸಂಖ್ಯೆ 2011ರ ಜನಗಣತಿಯಲ್ಲಿ ಸುಮಾರು 85 ಲಕ್ಷವಾಗಲು ಈ ಕಾರ್ಖಾನೆಗಳೂ ಒಂದು ಕಾರಣ.

*ಮಾಹಿತಿ ತಂತ್ರಜ್ಞಾನದ ಕಾಲ.* 1981ರಲ್ಲಿ ಪುಣೆಯಲ್ಲಿ ಹುಟ್ಟಿದ ಇನ್ಫೋಸಿಸ್ 1983ರಲ್ಲಿ ಬೆಂಗಳೂರಿಗೆ ಬಂತು. 1985ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿ ತನ್ನ ಕೇಂದ್ರ ತೆರೆಯಿತು. ಕಿಯೋನಿಕ್ಸ್ ಸಂಸ್ಥೆ ರೂಪಿಸಿದ್ದ ಎಲೆಕ್ಟ್ರಾನಿಕ್ಸ್ ಸಿಟಿ 1991ರ ಆರ್ಥಿಕ ಸುಧಾರಣೆಗಳ ನಂತರ ವೇಗವಾಗಿ ಬೆಳೆಯಿತು. ಈಗ ವಿದೇಶಿ ಕಂಪನಿಗಳು ತಮ್ಮದೇ ಕೆಲಸಕ್ಕಾಗಿ ತೆರೆದಿರುವ ಜಾಗತಿಕ ಸಾಮರ್ಥ್ಯ ಕೇಂದ್ರಗಳು ದೇಶದಲ್ಲೇ ಅತಿ ಹೆಚ್ಚು ಇರುವುದು ಬೆಂಗಳೂರಿನಲ್ಲಿ.

ಈ ನಾಲ್ಕು ಕಾಲಗಳಿಂದ ತಿಳಿಯುವುದೇನೆಂದರೆ, ಒಂದು ಕಾಲದ ದೊಡ್ಡ ಉದ್ಯೋಗದಾತ ಮುಂದಿನ ಕಾಲಕ್ಕೂ ದೊಡ್ಡವನಾಗಿ ಉಳಿಯುತ್ತಾನೆ ಎಂಬ ಖಾತರಿ ಇಲ್ಲ. ಬಿನ್ನಿ ಮಿಲ್ ಮುಚ್ಚಿತು. ನಮ್ಮ ನಾನಾ ಇಂದಿಗೂ ಕಟ್ಟುವುದು ಎಚ್‌ಎಂಟಿ ಗಡಿಯಾರವನ್ನೇ, ಆದರೆ ಎಚ್‌ಎಂಟಿಯ ಗಡಿಯಾರ ವಿಭಾಗವನ್ನು ಮುಚ್ಚುವ ನಿರ್ಧಾರ 2016ರಲ್ಲಿ ಆಯಿತು. ಎಚ್‌ಎಎಲ್, ಬಿಇಎಲ್ ಮಾತ್ರ ರಕ್ಷಣಾ ಇಲಾಖೆಯ ಬೇಡಿಕೆಯಿಂದ ಗಟ್ಟಿಯಾಗಿ ನಿಂತಿವೆ.

3. ಪಟ್ಟಿಯಲ್ಲಿ ನಾವು ಬರೆಯದ ಉದ್ಯೋಗದಾತರು

ನಮ್ಮ ತರಗತಿಯ ಯಾರ ಪಟ್ಟಿಯಲ್ಲೂ ಈ ಕೆಳಗಿನವು ಇರಲಿಲ್ಲ.

ಸಿದ್ಧ ಉಡುಪು ಕಾರ್ಖಾನೆಗಳು, ಅಂದರೆ ನಾವೆಲ್ಲ ಹೇಳುವ "ಗಾರ್ಮೆಂಟ್ಸ್". ಬೆಂಗಳೂರು ಮತ್ತು ಸುತ್ತಮುತ್ತ ಲಕ್ಷಾಂತರ ಜನ ಇದರಲ್ಲಿ ದುಡಿಯುತ್ತಾರೆ, ಬಹುಪಾಲು ಮಹಿಳೆಯರು. ಹೊಲಿದ ಬಟ್ಟೆ ಹೊರದೇಶಕ್ಕೆ ಹೋಗುತ್ತದೆ, ಅದರ ಮೇಲಿರುವುದು ವಿದೇಶಿ ಬ್ರ್ಯಾಂಡ್‌ನ ಹೆಸರು. ಕಾರ್ಖಾನೆಯ ಹೆಸರು ಯಾರಿಗೂ ಗೊತ್ತಾಗುವುದಿಲ್ಲ.

ಸರ್ಕಾರ. ರಾಜ್ಯ ಸರ್ಕಾರದ ಕಚೇರಿಗಳು, ಪೊಲೀಸ್, ಶಾಲೆ, ಆಸ್ಪತ್ರೆ, ರೈಲ್ವೆ, ಬಿಎಂಟಿಸಿ, ನಗರಪಾಲಿಕೆ. 2025ರ ಮೇ 1ರಂದು ಬೆಂಗಳೂರಿನ 12 ಸಾವಿರಕ್ಕೂ ಹೆಚ್ಚು ಪೌರಕಾರ್ಮಿಕರಿಗೆ ಕಾಯಂ ನೇಮಕಾತಿಯ ಆದೇಶ ಸಿಕ್ಕಿತು. ಅಲ್ಲಿಯವರೆಗೆ ಅವರು ಕಾಯಂ ನೌಕರರಾಗಿರಲಿಲ್ಲ. ರಸ್ತೆ ಅದೇ, ಪೊರಕೆ ಅದೇ, ಕೆಲಸ ಅದೇ. ಬದಲಾದದ್ದು ಉದ್ಯೋಗದ ಸ್ವರೂಪ.

ಕಟ್ಟಡ ಕೆಲಸ, ಹೋಟೆಲು, ಅಂಗಡಿ, ಮನೆಗೆಲಸ, ಆಟೊ, ಟ್ಯಾಕ್ಸಿ, ಡೆಲಿವರಿ, ಸೆಕ್ಯುರಿಟಿ. ಇವು ಒಂದು ಕಂಪನಿಯ ಹೆಸರಿನಲ್ಲಿ ಬರುವುದಿಲ್ಲ. ಆದ್ದರಿಂದ "ಹತ್ತು ದೊಡ್ಡ ಉದ್ಯೋಗದಾತರ" ಪಟ್ಟಿಯಲ್ಲಿ ಯಾವತ್ತೂ ಕಾಣುವುದಿಲ್ಲ. ಆದರೆ ನಮ್ಮ ಪಠ್ಯದಲ್ಲಿ ಇರುವಂತೆ ಭಾರತದ ದುಡಿಯುವ ಜನರಲ್ಲಿ ಬಹುಪಾಲು ಇಂಥ ಅನೌಪಚಾರಿಕ ವಲಯದಲ್ಲೇ ಇದ್ದಾರೆ.

4. ಬೆಂಗಳೂರಿನ ಹಣ ತೂಬಗೆರೆಗೆ ಬರುವುದು ಹೇಗೆ?

ಗುಣಕದ ಪಾಠ ನೆನಪಿರಬಹುದು. ಸೀಮಾಂತ ಅನುಭೋಗ ಪ್ರವೃತ್ತಿ 0.8 ಆಗಿದ್ದರೆ, 100 ರೂಪಾಯಿ ಆದಾಯ ಬಂದವರು 80 ಖರ್ಚು ಮಾಡುತ್ತಾರೆ. ಆ 80 ಪಡೆದವರು 64 ಖರ್ಚು ಮಾಡುತ್ತಾರೆ. ಹೀಗೆ ಮುಂದುವರಿದು ಗುಣಕ 5 ಆಗುತ್ತದೆ. ಒಂದು ಊರಿನೊಳಗೆ ಅಷ್ಟು ಆಗುವುದಿಲ್ಲ, ಏಕೆಂದರೆ ಹಣ ಊರಿನಿಂದ ಹೊರಗೆ ಸೋರಿಹೋಗುತ್ತದೆ. ಆದರೂ ತತ್ವ ಒಂದೇ.

ನಮ್ಮ ಅಬ್ಬಾಗೆ ಒಂದು ವೆಲ್ಡಿಂಗ್ ಅಂಗಡಿ ಇದೆ. ಗೇಟು, ಕಿಟಕಿ ಗ್ರಿಲ್ ಮಾಡುತ್ತಾರೆ. ಬೆಂಗಳೂರಿನ ಯಾವ ಕಂಪನಿಯೂ ಅವರಿಗೆ ಕೆಲಸ ಕೊಟ್ಟಿಲ್ಲ. ಆದರೆ ಹಳ್ಳಿಯ ಹುಡುಗನೊಬ್ಬ ಕಂಪನಿಯಲ್ಲಿ ದುಡಿದು ಊರಿನಲ್ಲಿ ಮನೆ ಕಟ್ಟಿಸಿದರೆ ಗೇಟಿನ ಆರ್ಡರ್ ಅಬ್ಬಾಗೆ ಬರುತ್ತದೆ. ಘಾಟಿ ಸುಬ್ರಹ್ಮಣ್ಯಕ್ಕೆ ಬೆಂಗಳೂರಿನಿಂದ ಬರುವ ಭಕ್ತರು ದಾರಿಯಲ್ಲಿ ಹೂವು, ಹಣ್ಣು, ಊಟಕ್ಕೆ ಕೊಡುವ ಹಣವೂ ಹಾಗೆಯೇ.

ನಮ್ಮ ತಾಲ್ಲೂಕಿಗೆ ತನ್ನದೇ ಆರ್ಥಿಕತೆಯೂ ಇದೆ. ದೊಡ್ಡಬಳ್ಳಾಪುರ ಮೊದಲಿನಿಂದಲೂ ನೇಕಾರರ ಊರು, ವಿದ್ಯುತ್ ಮಗ್ಗಗಳ ಸದ್ದು ಕೇಳದ ಬೀದಿ ಕಡಿಮೆ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಿಂದ ರೇಷ್ಮೆ ಗೂಡು ತಂದು ನೂಲು ಬಿಚ್ಚುವ ಕೆಲಸದಲ್ಲಿ ನಮ್ಮ ದಾದಾ ಕೂಡ ಇದ್ದರು. ಮನೆಯ ಹಿಂದೆ ನಾಲ್ಕು ಚರಕ ಇದ್ದವಂತೆ. ಕೆಲಸಕ್ಕೆ ಬರುತ್ತಿದ್ದ ಹೆಂಗಸರಿಗೆ ಮಗ್ರಿಬ್ ಅಜಾನ್ ಆಗುವ ಮೊದಲೇ ಅಂದಿನ ಕೂಲಿ ಕೊಟ್ಟುಬಿಡುತ್ತಿದ್ದರು ಎಂದು ಅಬ್ಬಾ ಹೇಳುತ್ತಾರೆ. ಯಾರು ಕೆಲಸ ಕೊಟ್ಟರು, ಯಾರು ಕೂಲಿ ಕೊಡಬೇಕು ಎಂಬ ಗೊಂದಲವೇ ಆಗ ಇರಲಿಲ್ಲ. ಇಬ್ಬರೂ ಒಬ್ಬರೇ.

ಈಗ ನಮ್ಮ ತಾಲ್ಲೂಕಿನ ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶ, ಅಪೆರಲ್ ಪಾರ್ಕ್, ಆ ಕಡೆ 2008ರ ಮೇ 24ರಂದು ಆರಂಭವಾದ ಕೆಂಪೇಗೌಡ ವಿಮಾನ ನಿಲ್ದಾಣ, ದೇವನಹಳ್ಳಿಯ ಬಳಿ 2025ರಲ್ಲಿ ಐಫೋನ್ ತಯಾರಿಕೆ ಆರಂಭಿಸಿದ ಫಾಕ್ಸ್‌ಕಾನ್ ಘಟಕ, ಇವೆಲ್ಲ ಸೇರಿ ಬೆಂಗಳೂರೇ ನಮ್ಮ ಹತ್ತಿರಕ್ಕೆ ಬಂದಂತಾಗಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಸರ್ಕಾರಿ ಬಸ್ಸು ಉಚಿತವಾದ ಮೇಲೆ, ಬಸ್ ಚಾರ್ಜಿಗೆ ಹೆದರಿ ದೂರದ ಕೆಲಸ ಬಿಡುವ ಪ್ರಮೇಯವೂ ಕಡಿಮೆಯಾಗಿದೆ.

ಇಲ್ಲಿ ಒಂದು ಕಳೆಯುವ ಲೆಕ್ಕವೂ ಇದೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆ ಭೂಮಿಯನ್ನು ಕೈಗಾರಿಕೆಗೆ ಪಡೆಯುವ ಪ್ರಸ್ತಾವವನ್ನು ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ವಿರೋಧಿಸಿದರು. 2025ರ ಜುಲೈ 15ರಂದು ಸರ್ಕಾರ ಅದನ್ನು ಕೈಬಿಟ್ಟಿತು. ಆ ಭೂಮಿಯಲ್ಲಿ ರೈತರು, ಕೂಲಿಕಾರರು ಈಗಾಗಲೇ ಉದ್ಯೋಗದಲ್ಲಿದ್ದಾರೆ. ಒಂದು ಕಾರ್ಖಾನೆ ಇಷ್ಟು ಉದ್ಯೋಗ ಸೃಷ್ಟಿಸುತ್ತದೆ ಎಂದಾಗ, ಇಲ್ಲವಾಗುವ ಉದ್ಯೋಗವನ್ನೂ ಅದರಿಂದ ಕಳೆಯಬೇಕು. ಸವಕಳಿ ಕಳೆಯದೆ ನಿವ್ವಳ ಲಾಭ ತೋರಿಸಿದರೆ ನಮ್ಮ ಲೆಕ್ಕಶಾಸ್ತ್ರದ ಉಪನ್ಯಾಸಕರು ಅಂಕ ಕೊಡುತ್ತಾರೆಯೇ?

5. ನಮ್ಮ ಮನೆಯ ಎರಡು ಸಂಬಳ

ಈಗ ನನ್ನ ಮುಖ್ಯ ವಿಷಯಕ್ಕೆ ಬರುತ್ತೇನೆ. ಇದನ್ನು ಬರೆಯಬೇಕೋ ಬೇಡವೋ ಎಂದು ಯೋಚಿಸಿದೆ. ಭಾಯಿಯನ್ನು ಕೇಳಿದೆ. "ಬರೆ, ಇನ್ನೊಬ್ಬರಿಗೆ ಹಾಗೆ ಆಗಬಾರದು" ಎಂದ.

ನಮ್ಮ ಆಪಾ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ. ಭಾಯಿ ಪಿಯುಸಿ ಮುಗಿಸಿ ವಿಮಾನ ನಿಲ್ದಾಣದ ಕಡೆ ಒಂದು ದೊಡ್ಡ ಕಂಪನಿಯ ಗೋದಾಮಿಗೆ ಸೇರಿದ. ಕಂಪನಿಯ ಹೆಸರಿರುವ ಟೀ ಶರ್ಟ್ ಕೊಟ್ಟಿದ್ದರು. ಮದುವೆ ಮನೆಗಳಲ್ಲಿ ಅಮ್ಮಿ "ನಮ್ಮ ಹುಡುಗ ದೊಡ್ಡ ಕಂಪನಿಯಲ್ಲಿದ್ದಾನೆ" ಎಂದು ಹೇಳುತ್ತಿದ್ದಳು. ಆಪಾಳ ವಿಷಯ ಬಂದರೆ "ಸುಮ್ಮನೆ ಗಾರ್ಮೆಂಟ್ಸ್" ಎನ್ನುತ್ತಿದ್ದಳು. ಭಾಯಿಯ ಕೈಗೆ ಬರುವ ಹಣವೂ ಹೆಚ್ಚು, ಯಾವ ಕಡಿತವೂ ಇಲ್ಲ. ಆಪಾಳ ಸಂಬಳದಲ್ಲಿ ತಿಂಗಳು ತಿಂಗಳು ಕಡಿತ. "ನಿನ್ನ ಫ್ಯಾಕ್ಟರಿಯವರು ಕಳ್ಳರು" ಎಂದು ಭಾಯಿ ರೇಗಿಸುತ್ತಿದ್ದ.

ಒಂದು ದಿನ ಗೋದಾಮಿನಲ್ಲಿ ಭಾರದ ಪೆಟ್ಟಿಗೆ ಅವನ ಪಾದದ ಮೇಲೆ ಬಿತ್ತು. ಮೂಳೆ ಬಿರುಕು ಬಿಟ್ಟಿತ್ತು. ಮೂರು ವಾರ ಮನೆಯಲ್ಲಿ. ಆಸ್ಪತ್ರೆಯ ಕೌಂಟರಿನಲ್ಲಿ "ಇಎಸ್‌ಐ ನಂಬರ್ ಇದೆಯಾ?" ಎಂದು ಕೇಳಿದರು. ಭಾಯಿ ಸೂಪರ್‌ವೈಸರ್‌ಗೆ ಫೋನ್ ಮಾಡಿದ. ಅವರು "ನೀನು ಕಂಪನಿಯವನಲ್ಲಪ್ಪ, ಏಜೆನ್ಸಿಯವನು. ಅವರನ್ನೇ ಕೇಳು" ಎಂದರು. ಏಜೆನ್ಸಿಯವರು ಮೊದಲು "ನೋಡೋಣ" ಎಂದರು, ಆಮೇಲೆ ಫೋನ್ ತೆಗೆಯಲಿಲ್ಲ. ಭಾಯಿಯ ಹತ್ತಿರ ನೇಮಕಾತಿ ಪತ್ರ ಇರಲಿಲ್ಲ. ಪೇ ಸ್ಲಿಪ್ ಇರಲಿಲ್ಲ. ಇದ್ದದ್ದು ಟೀ ಶರ್ಟ್ ಮಾತ್ರ. ಆಸ್ಪತ್ರೆ ಖರ್ಚಿಗೆ ಅಬ್ಬಾ ವೆಲ್ಡಿಂಗ್ ಅಂಗಡಿಗೆ ಕಬ್ಬಿಣ ತರಲು ಇಟ್ಟಿದ್ದ ಹಣ ತೆಗೆದರು. ಅಂದರೆ ಅವರ ದುಡಿಯುವ ಬಂಡವಾಳ ಹೋಯಿತು. ಎರಡು ಆರ್ಡರ್ ಬಿಟ್ಟುಕೊಡಬೇಕಾಯಿತು.

ಇದಕ್ಕೆ ಆರು ತಿಂಗಳ ಮೊದಲು ಅಮ್ಮಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಗಿತ್ತು. ಅದು ಆಪಾಳ ಇಎಸ್‌ಐ ಕಾರ್ಡಿನಲ್ಲೇ ಆಯಿತು. ಅಮ್ಮಿ ಆಪಾಳ ಅವಲಂಬಿತೆ ಎಂದು ಕಾರ್ಡಿನಲ್ಲಿ ಹೆಸರಿತ್ತು. ಆಗ ಯಾರೂ ಅದನ್ನು ದೊಡ್ಡದಾಗಿ ಗಮನಿಸಲಿಲ್ಲ. ಭಾಯಿಯ ಕಾಲಿಗೆ ಪೆಟ್ಟಾದ ರಾತ್ರಿ ಆಪಾ ತನ್ನ ಪೇ ಸ್ಲಿಪ್‌ಗಳ ಕವರ್ ತಂದು ನನ್ನ ಮುಂದೆ ಇಟ್ಟಳು. "ನೀನು ಕಾಮರ್ಸ್ ಓದುತ್ತೀಯಲ್ಲ, ಇದೇನೆಂದು ಎಲ್ಲರಿಗೂ ಹೇಳು" ಎಂದಳು. ನನಗೆ ಆವತ್ತು ಸರಿಯಾಗಿ ಹೇಳಲು ಬರಲಿಲ್ಲ. ನಿಜವಾಗಿ ನಾಚಿಕೆಯಾಯಿತು. ಆಮೇಲೆ ಕುಳಿತು ಕಲಿತೆ.

6. ಪೇ ಸ್ಲಿಪ್ ಓದುವ ಪಾಠ

ಮನೆಯಲ್ಲಿ ನಾವು ಉರ್ದು ಮಾತಾಡುತ್ತೇವೆ. ಸಂಬಳಕ್ಕೆ ತನ್ಖಾ ಎನ್ನುತ್ತೇವೆ. ಆದರೆ ಹಾಜರಿ, ಕಾಯಂ, ಮಾಲೀಕ, ಕಾರ್ಖಾನೆ, ಜಮಾ, ಖರ್ಚು ಎಂಬ ಮಾತುಗಳು ಮನೆಯಲ್ಲೂ ಅವೇ, ಕನ್ನಡ ತರಗತಿಯಲ್ಲೂ ಅವೇ. ಆದ್ದರಿಂದ ಅಬ್ಬಾ, ಅಮ್ಮಿಗೆ ವಿವರಿಸುವುದು ನಾನು ಅಂದುಕೊಂಡಷ್ಟು ಕಷ್ಟವಾಗಲಿಲ್ಲ.

ಆಪಾಳ ನಿಜವಾದ ಮೊತ್ತ ಇಲ್ಲಿ ಬರೆಯುವುದಿಲ್ಲ. ಸುಲಭವಾಗಲೆಂದು ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ತಿಂಗಳಿಗೆ 12,000 ರೂ. ಎಂದು ಇಟ್ಟುಕೊಳ್ಳೋಣ, ಬೇರೆ ಭತ್ಯೆ ಇಲ್ಲ.

ನೌಕರಳ ಸಂಬಳದಿಂದ ಕಡಿತ:
ಭವಿಷ್ಯ ನಿಧಿ (ಪಿಎಫ್) 12% = 1,440 ರೂ.
ಇಎಸ್‌ಐ 0.75% = 90 ರೂ.
ಕೈಗೆ ಬರುವುದು = 10,470 ರೂ.

ಮಾಲೀಕರು ತಮ್ಮ ಕಡೆಯಿಂದ ಹಾಕುವುದು:
ಪಿಎಫ್ ಮತ್ತು ಪಿಂಚಣಿ 12% = 1,440 ರೂ. (ಇದರಲ್ಲಿ 8.33%, ಅಂದರೆ ಸುಮಾರು 1,000 ರೂ. ಪಿಂಚಣಿ ಯೋಜನೆಗೆ, ಉಳಿದ 440 ರೂ. ಪಿಎಫ್ ಖಾತೆಗೆ)
ಇಎಸ್‌ಐ 3.25% = 390 ರೂ.

ಅಂದರೆ ಮಾಲೀಕರಿಗೆ ಈ ಕೆಲಸಗಾರ್ತಿಯ ಮೇಲೆ ಆಗುವ ವೆಚ್ಚ 12,000 + 1,440 + 390 = 13,830 ರೂ. ಪಿಎಫ್ ಖಾತೆಗೆ ತಿಂಗಳಿಗೆ 1,880 ರೂ. ಜಮಾ ಆಗುತ್ತದೆ. ಐದು ವರ್ಷಕ್ಕೆ ಬಡ್ಡಿ ಬಿಟ್ಟು 1,12,800 ರೂ.

ಈಗ ಭಾಯಿಯದು. ದಿನಕ್ಕೆ 600 ರೂ. ಎಂದು 25 ದಿನಕ್ಕೆ 15,000 ರೂ. ಎಂದು ಇಟ್ಟುಕೊಳ್ಳಿ. ಕೈಗೆ ಬಂದ ಹಣ ಮಾತ್ರ ನೋಡಿದರೆ ಅವನಿಗೆ 4,530 ರೂ. ಹೆಚ್ಚು. ಒಟ್ಟು ಮೊತ್ತ ಹೋಲಿಸಿದರೆ ವ್ಯತ್ಯಾಸ 1,170 ರೂ. ಮಾತ್ರ. ಮೂರು ವಾರದಲ್ಲಿ 18 ಕೆಲಸದ ದಿನ ಹೋದರೆ 10,800 ರೂ. ನಷ್ಟ. ಒಂಬತ್ತು ತಿಂಗಳ "ಹೆಚ್ಚುವರಿ" ಅಲ್ಲಿಗೆ ಮುಗಿಯಿತು. ಆಸ್ಪತ್ರೆ ಬಿಲ್ಲು ಬೇರೆ. ಇಎಸ್‌ಐ ಇದ್ದವರಿಗೆ ಕೆಲಸದಲ್ಲಿ ಗಾಯವಾಗಿ ತಾತ್ಕಾಲಿಕವಾಗಿ ದುಡಿಯಲಾಗದಿದ್ದರೆ ಸಂಬಳದ ಸುಮಾರು 90% ಸಿಗುತ್ತದೆ, ಚಿಕಿತ್ಸೆಯೂ ಸಿಗುತ್ತದೆ.

ಸಾಮಾನ್ಯವಾಗಿ 20 ಅಥವಾ ಹೆಚ್ಚು ಜನರಿರುವ ಸಂಸ್ಥೆಗೆ ಪಿಎಫ್, 10 ಅಥವಾ ಹೆಚ್ಚು ಜನರಿರುವ ಸಂಸ್ಥೆಗೆ ಇಎಸ್‌ಐ ಅನ್ವಯಿಸುತ್ತದೆ. ಇಎಸ್‌ಐ 21,000 ರೂ.ವರೆಗಿನ ಸಂಬಳದವರಿಗೆ.

ಪಿಎಫ್ ಎಂದರೆ ಬರೀ ಕಡಿತ ಎಂದು ಭಾಯಿ ನಂಬಿದ್ದ. ಗಾರ್ಮೆಂಟ್ಸ್ ಮಹಿಳೆಯರಿಗೆ ಅದರ ಬೆಲೆ ಮೊದಲೇ ಗೊತ್ತಿತ್ತು. ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ಹೊಸ ನಿಯಮ ಬಂದಾಗ, 2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನಲ್ಲಿ ಸಾವಿರಾರು ಕಾರ್ಮಿಕರು ಕಾರ್ಖಾನೆ ಬಿಟ್ಟು ಹೆದ್ದಾರಿಗೆ ಬಂದರು. ಮಗಳ ಮದುವೆ, ಮಗನ ಫೀಸು, ಸಾಲ, ಎಲ್ಲಕ್ಕೂ ಅವರಿಗಿದ್ದ ಉಳಿತಾಯ ಅದೊಂದೇ. 19ರಂದೇ ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು.

7. ಹೆಸರು ಒಬ್ಬರದು, ಸಂಬಳ ಇನ್ನೊಬ್ಬರದು

ಭಾಯಿಗೆ ಆದದ್ದು ಅವನೊಬ್ಬನ ಕಥೆಯಲ್ಲ. ಇಂದಿನ ದೊಡ್ಡ ಉದ್ಯಮಗಳಲ್ಲಿ ಬ್ರ್ಯಾಂಡ್ ಒಬ್ಬರದು, ಕಾರ್ಖಾನೆ ಇನ್ನೊಬ್ಬರದು, ಕಾರ್ಮಿಕರನ್ನು ಒದಗಿಸುವ ಏಜೆನ್ಸಿ ಮತ್ತೊಬ್ಬರದು. ವಿಮಾನ ನಿಲ್ದಾಣದಲ್ಲಿ "ಏರ್‌ಪೋರ್ಟ್ ಕೆಲಸ" ಎನ್ನುವವರಲ್ಲಿ ವಿಮಾನ ಕಂಪನಿಯವರು, ಸರಕು ಸಾಗಣೆಯವರು, ಅಡುಗೆಯವರು, ಸ್ವಚ್ಛತೆಯವರು, ಟ್ಯಾಕ್ಸಿಯವರು ಎಲ್ಲರೂ ಇದ್ದಾರೆ. ಒಂದೇ ಛಾವಣಿ, ಬೇರೆ ಬೇರೆ ಉದ್ಯೋಗದಾತರು.

ಕೋಲಾರ ಜಿಲ್ಲೆಯ ನರಸಾಪುರದ ಘಟನೆ ಇದಕ್ಕೆ ದೊಡ್ಡ ಉದಾಹರಣೆ. ಅಲ್ಲಿ ತೈವಾನಿನ ವಿಸ್ಟ್ರಾನ್ ಕಂಪನಿ ಆಪಲ್‌ಗಾಗಿ ಐಫೋನ್ ತಯಾರಿಸುತ್ತಿತ್ತು. ಅನೇಕ ಕಾರ್ಮಿಕರು ಏಜೆನ್ಸಿಗಳ ಮೂಲಕ ಬಂದವರು. ಸಂಬಳ ಸರಿಯಾಗಿ ಬರುತ್ತಿಲ್ಲ ಎಂಬ ಸಿಟ್ಟು 2020ರ ಡಿಸೆಂಬರ್ 12ರಂದು ದಾಂಧಲೆಯಾಗಿ ಸ್ಫೋಟಿಸಿತು. ಆಸ್ತಿಪಾಸ್ತಿ ನಾಶವಾಯಿತು, ಅನೇಕರ ಬಂಧನವಾಯಿತು. ಹಾಳು ಮಾಡಿದ್ದು ತಪ್ಪೇ. ಆದರೆ ಕೆಲವು ಕಾರ್ಮಿಕರಿಗೆ ಸರಿಯಾಗಿ, ಸರಿಯಾದ ಸಮಯಕ್ಕೆ ಸಂಬಳ ಸಿಕ್ಕಿರಲಿಲ್ಲ ಎಂದು ವಿಸ್ಟ್ರಾನ್ ಕೂಡ ಒಪ್ಪಿಕೊಂಡು ಕ್ಷಮೆ ಕೇಳಿತು. ಆಪಲ್ ವಿಸ್ಟ್ರಾನ್‌ಗೆ ಹೊಸ ಕೆಲಸ ಕೊಡುವುದನ್ನು ತಡೆಹಿಡಿಯಿತು. 2023ರಲ್ಲಿ ಆ ಘಟಕವನ್ನು ಟಾಟಾ ಸಮೂಹ ಕೊಂಡುಕೊಂಡಿತು.

ಕಾನೂನು ಇದನ್ನು ಯೋಚಿಸಿಲ್ಲ ಎಂದಲ್ಲ. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಮೂಲ ಉದ್ಯೋಗದಾತನೇ ಕೊಡಬೇಕು ಎಂಬ ತತ್ವ 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲೇ ಇತ್ತು. ಆಪ್ ಮೂಲಕ ಡೆಲಿವರಿ, ಟ್ಯಾಕ್ಸಿ ಕೆಲಸ ಮಾಡುವವರಿಗಾಗಿ ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಯ ಕಾನೂನು ತಂದಿದೆ. ಪ್ರತಿ ವಹಿವಾಟಿನಲ್ಲಿ ಕಾರ್ಮಿಕರಿಗೆ ಪಾವತಿಸುವ ಮೊತ್ತದ 1ರಿಂದ 5% ಕ್ಷೇಮಾಭಿವೃದ್ಧಿ ಶುಲ್ಕವನ್ನು ಕಂಪನಿಗಳಿಂದ ಸಂಗ್ರಹಿಸಲು ಅದರಲ್ಲಿ ಅವಕಾಶವಿದೆ. ಆದರೆ ಕಾನೂನು ಕೇಳುವುದು ದಾಖಲೆಯನ್ನು. ಕಾಗದ ಇಲ್ಲದವನಿಗೆ ಹಕ್ಕು ಇದ್ದರೂ ತೋರಿಸುವುದು ಕಷ್ಟ.

8. ಕೆಲಸಕ್ಕೆ ಸೇರುವ ಮುನ್ನ ಕೇಳಬೇಕಾದ ಐದು ಪ್ರಶ್ನೆಗಳು

ನಮ್ಮಲ್ಲಿ ಕೆಲವರು ಪರೀಕ್ಷೆ ಮುಗಿದ ವಾರವೇ ಕೆಲಸಕ್ಕೆ ಸೇರುತ್ತಾರೆ. ಅವರಿಗಾಗಿ ಇದು.

1) ನನ್ನ ನೇಮಕಾತಿ ಪತ್ರದಲ್ಲಿ ಉದ್ಯೋಗದಾತ ಎಂದು ಯಾರ ಹೆಸರಿರುತ್ತದೆ, ಕಂಪನಿಯದೋ ಏಜೆನ್ಸಿಯದೋ? ಪತ್ರ ಯಾವತ್ತು ಕೊಡುತ್ತೀರಿ?

2) ಪ್ರತಿ ತಿಂಗಳು ಪೇ ಸ್ಲಿಪ್ ಸಿಗುತ್ತದೆಯೇ? ಸಂಬಳ ಬ್ಯಾಂಕ್ ಖಾತೆಗೆ ಬರುತ್ತದೆಯೇ?

3) ಪಿಎಫ್ ಇದೆಯೇ? ಇದ್ದರೆ 12 ಅಂಕಿಯ ಯುಎಎನ್ ಸಂಖ್ಯೆ ಪಡೆಯಿರಿ. ಉಮಂಗ್ ಆಪ್‌ನಲ್ಲಿ ಪಾಸ್‌ಬುಕ್ ತೆರೆದು ಹಣ ನಿಜವಾಗಿ ಜಮಾ ಆಗಿದೆಯೇ ನೋಡಿ. ಸಂಬಳದಲ್ಲಿ ಕಡಿದು ಖಾತೆಗೆ ಹಾಕದವರೂ ಇರುತ್ತಾರೆ.

4) ಇಎಸ್‌ಐ ಇದೆಯೇ? ಇದ್ದರೆ 10 ಅಂಕಿಯ ವಿಮಾ ಸಂಖ್ಯೆ ಪಡೆದು, ತಂದೆ ತಾಯಿ ನಿಮ್ಮನ್ನೇ ಅವಲಂಬಿಸಿದ್ದರೆ ಅವರ ಹೆಸರು ಸೇರಿಸಿ.

5) ಕೆಲಸದ ಸಮಯ ಎಷ್ಟು, ಹೆಚ್ಚುವರಿ ಸಮಯಕ್ಕೆ ಎಷ್ಟು, ವಾರದ ರಜೆ ಯಾವತ್ತು?

ಇವನ್ನು ಕೇಳಿದರೆ ಕೆಲಸವೇ ಕೊಡುವುದಿಲ್ಲ ಎಂದು ಭಾಯಿ ಹೇಳಿದ. ಒಂದು ಕಡೆ ಹಾಗೆಯೇ ಆಯಿತು. ಕಾಲು ಸರಿಹೋದ ಮೇಲೆ ಅವನು ಮೊದಲು ಹೋದ ಜಾಗದಲ್ಲಿ ಎರಡನೆಯ ಪ್ರಶ್ನೆಗೇ "ಆಮೇಲೆ ಹೇಳುತ್ತೇವೆ" ಎಂದು ಕಳಿಸಿದರು. ಮನೆಯಲ್ಲಿ ಒಂದು ತಿಂಗಳು ಕಷ್ಟವಾಯಿತು. ಅಮ್ಮಿ ನನ್ನ ಮೇಲೂ ಸಿಟ್ಟಾದಳು, "ನಿನ್ನ ಪಾಠದಿಂದ ಹುಡುಗ ಮನೆಯಲ್ಲಿ ಕುಳಿತ" ಎಂದು. ಎರಡನೆಯ ತಿಂಗಳು ಬಾಶೆಟ್ಟಿಹಳ್ಳಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಆ ಕಾರ್ಖಾನೆಯ ಹೆಸರು ಯಾರ ಪಟ್ಟಿಯಲ್ಲೂ ಇರುವುದಿಲ್ಲ. ಟೀ ಶರ್ಟ್ ಕೂಡ ಕೊಡಲಿಲ್ಲ. ಕೈಗೆ ಬರುವುದು ಮೊದಲಿಗಿಂತ ಕಡಿಮೆ. ಮೊದಲ ಪೇ ಸ್ಲಿಪ್ ಬಂದ ದಿನ ಅವನು ಅದನ್ನು ಆಪಾಳ ಕವರಿನಲ್ಲೇ ಇಟ್ಟ.

ಕೊನೆಯ ಮಾತು

ಬೆಂಗಳೂರಿನ ದೊಡ್ಡ ಕಂಪನಿಗಳ ಬಗ್ಗೆ ನನಗೆ ಅಸಮಾಧಾನವಿಲ್ಲ. ಬಿ.ಕಾಂ. ಮುಗಿಸಿ ಅಂಥ ಒಂದು ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡಬೇಕೆಂಬ ಆಸೆ ನನಗೂ ಇದೆ. ಆದರೆ ಇನ್ನು ಮುಂದೆ ಯಾರಾದರೂ "ದೊಡ್ಡ ಉದ್ಯೋಗದಾತ" ಎಂದರೆ ನಾನು ಎಷ್ಟು ಜನ ಅಲ್ಲಿ ದುಡಿಯುತ್ತಾರೆ ಎಂದು ಮಾತ್ರ ಕೇಳುವುದಿಲ್ಲ. ಅವರಲ್ಲಿ ಎಷ್ಟು ಜನರನ್ನು ಅದು ತನ್ನವರೆಂದು ಕಾಗದದ ಮೇಲೆ ಒಪ್ಪಿಕೊಂಡಿದೆ ಎಂದೂ ಕೇಳುತ್ತೇನೆ.

ಸಹಪಾಠಿಗಳಲ್ಲಿ ಒಂದು ವಿನಂತಿ. ನಿಮ್ಮ ಮನೆಯಲ್ಲಿ ಯಾರದಾದರೂ ಪೇ ಸ್ಲಿಪ್ ಇದ್ದರೆ, ಅವರ ಅನುಮತಿ ಪಡೆದು, ಹೆಸರು ಮುಚ್ಚಿ, ಒಂದು ಜೆರಾಕ್ಸ್ ತನ್ನಿ. ಶನಿವಾರ ತರಗತಿ ಮುಗಿದ ಮೇಲೆ ವಾಣಿಜ್ಯ ವಿಭಾಗದ ಕೊಠಡಿಯಲ್ಲಿ ಕುಳಿತು ಒಟ್ಟಿಗೆ ಲೆಕ್ಕ ಹಾಕೋಣ. ಉಪನ್ಯಾಸಕರು ಜೊತೆಗಿರಲು ಒಪ್ಪಿದ್ದಾರೆ. ಮನೆಯಲ್ಲಿ ಪೇ ಸ್ಲಿಪ್ ಇಲ್ಲದವರೂ ಬನ್ನಿ. ಏಕೆ ಇಲ್ಲ ಎಂಬುದನ್ನೂ ಕೇಳಿಕೊಂಡು ಬನ್ನಿ.